ತಡೆದ ಪಾರಾಯಣ

ಬ್ರೈನೆ ಹೆಂಗಸರ ಅಟ್ಟದ ಮರದ ಜಾಲರಿಗೆ ಕಿವಿ ಒತ್ತಿಕೊಂಡು ಕೂತಿದ್ದಳು. ಕೆಳಗೆ, ಗಂಡಸರ ಬೆಂಚುಗಳ ನಡುವಿನ ಕಟ್ಟೆಯ ಮೇಲೆ, ಯೆಹೂದ್ಯರ ಧರ್ಮಗ್ರಂಥವಾದ ತೋರಾದ ಸುರುಳಿಯನ್ನು ಬಿಚ್ಚಿ ಹರವಿದ್ದರು. ಅದರ ಮುಂದೆ ಅವಳ ಮಗ ಝಲ್ಮನ್ ಬೆಳ್ಳಿಯ ಓದುಕಡ್ಡಿ ಹಿಡಿದು ನಿಂತು ಗಂಟಲು ಸರಿಮಾಡಿಕೊಂಡ. ಇನ್ನೇನು ಅವನ ಬಾಯಿಂದ ಮೊದಲ ಸೊಲ್ಲು ಹೊರಡಬೇಕು, ಅಷ್ಟರಲ್ಲಿ ಅವಳ ಕಿವಿಯ ಬುಡದಲ್ಲೇ ಯಾರೋ ಜಾಲರಿಯ ಮೇಲೆ ಅಂಗೈಯಿಂದ ರಪ್ಪನೆ ಬಡಿದರು.

"ಓದಬೇಡಿ! ಪಾರಾಯಣ ನಿಲ್ಲಿಸಿ! ನನ್ನ ದೂರು ಕೇಳೋ ತನಕ ಇವತ್ತು ಒಂದಕ್ಷರ ಓದೋ ಹಾಗಿಲ್ಲ!"

ತಿರುಗಿ ನೋಡಿದರೆ ಲೀಬೆ. ಮೂರು ವರ್ಷದ ಕೆಳಗೆ ಮನೆಯಿಂದ ಹೊರಬಿದ್ದ ಸೊಸೆ. ಯಾವಾಗ ಮೆಟ್ಟಿಲು ಹತ್ತಿ ಬಂದಳೋ, ಮುಂದಿನ ಸಾಲಿಗೆ ಯಾವಾಗ ತೂರಿಕೊಂಡಳೋ, ಜಾಲರಿಗೆ ಕಿವಿ ಕೊಟ್ಟಿದ್ದ ಬ್ರೈನೆಗೆ ಗೊತ್ತೇ ಆಗಿರಲಿಲ್ಲ. ಲೀಬೆ ತಲೆಗೆ ಕಂದು ಬಟ್ಟೆ ಬಿಗಿದಿದ್ದಳು. ಅದರ ಅಂಚಿಗೆ ಹೆಬ್ಬಾತಿನ ಪುಕ್ಕದ ಎಳೆಯೊಂದು ಅಂಟಿಕೊಂಡಿತ್ತು. ಅಣ್ಣನ ಮನೆಯಲ್ಲಿ ಪುಕ್ಕ ಬಿಡಿಸಿ ದಿಂಬು ತುಂಬಿ ಹೊಟ್ಟೆ ಹೊರೆಯುವವಳು, ಶನಿವಾರದ ಪವಿತ್ರ ದಿನ ಸಬ್ಬತ್ತಿಗೆ ಉಡುವ ಬಟ್ಟೆಗೂ ಅದು ಅಂಟದೆ ಇರುತ್ತದೆಯೇ.

ಕೆಳಗೆ ಜೇನುಗೂಡಿಗೆ ಕಲ್ಲು ಬಿದ್ದ ಹಾಗೆ ಗದ್ದಲ ಎದ್ದಿತು.

"ಯಾರದು ಮೇಲೆ?"

"ಇನ್ಯಾರು, ಝಲ್ಮನ್ ಹೆಂಡ್ತಿ."

"ಇಳಿಸ್ರೋ ಅವಳನ್ನ! ಶ್ಮೇರಲ್, ನಿಂತು ಏನು ನೋಡ್ತೀಯ, ಹತ್ತಿ ಹೋಗಿ ಎಳ್ಕೊಂಡು ಬಾ!"

ಪರಿಚಾರಕ ಶ್ಮೇರಲ್ ಮೆಟ್ಟಿಲ ಕಡೆ ನಾಲ್ಕು ಹೆಜ್ಜೆ ಹಾಕಿ ಧರ್ಮಗುರು ರಬ್ಬಿಯ ಮುಖ ನೋಡಿದ. ಮುದುಕ ರಬ್ಬಿ ಕೈ ಅಡ್ಡ ಹಿಡಿದರು. ದುಬ್ರೋವ್ಕದ ಸಭಾಮಂದಿರದಲ್ಲಿ ಅದು ತಾತ ಮುತ್ತಾತಂದಿರ ಕಾಲದ ಕಟ್ಟಳೆ. ಎಲ್ಲೂ ನ್ಯಾಯ ಸಿಗದವರು, ವಿಧವೆಯಾಗಲಿ ಕೂಲಿಯವನಾಗಲಿ, ಸಬ್ಬತ್ ಬೆಳಿಗ್ಗೆ ಸುರುಳಿ ಬಿಚ್ಚಿದ ಹೊತ್ತಿಗೆ ಎದ್ದು ನಿಂತು ಪಾರಾಯಣ ತಡೆಯಬಹುದು. ಊರೆಲ್ಲ ಸೇರಿ ಅವರ ದೂರು ಕೇಳಿ ಒಂದು ದಾರಿ ತೋರಿಸುವವರೆಗೆ ಓದು ಮುಂದುವರಿಯುವ ಹಾಗಿಲ್ಲ. ಓದು ಮುಗಿಯದೆ ಯಾರೂ ಮನೆಗೆ ಹೋಗುವ ಹಾಗಿಲ್ಲ. ಈ ಕಟ್ಟಳೆಯ ಬಗ್ಗೆ ಊರಿಗೆ ಭಾರೀ ಅಭಿಮಾನ. ಪಕ್ಕದೂರಿನವರ ಮುಂದೆ ಅದನ್ನು ಹೇಳಿಕೊಂಡು ಬೀಗುವುದೂ ಉಂಟು. ಯಾರಾದರೂ ನಿಜವಾಗಿ ತಡೆದುಬಿಟ್ಟರೆ ಮಾತ್ರ ಎಲ್ಲರ ಮೈ ಉರಿಯುತ್ತದೆ.

ಮೇಲೆ ಹೆಂಗಸರ ಅಟ್ಟದಲ್ಲಿ ಉರಿ ಇನ್ನೂ ಜಾಸ್ತಿ.

"ನಾಚ್ಕೆ ಇಲ್ವೇನೆ ನಿಂಗೆ?" ಅಕ್ಷರ ಬಾರದ ಹೆಂಗಸರಿಗೆ ಪ್ರಾರ್ಥನೆ ಹೇಳಿಕೊಡುವ ತೇಮೆ ಪುಸ್ತಕ ಮುಚ್ಚಿ ಎದ್ದಳು. "ಕೆಳಗೆ ದೇವರ ಮಾತು ಬಿಚ್ಚಿಟ್ಟಿದಾರೆ. ಸಂತೇಲಿ ಮೀನು ಮಾರೋಳ ಹಾಗೆ ಕಿರುಚ್ತೀಯಲ್ಲ!"

"ಇವಳಿಗೇನು ಬಿಡಿ," ಎಂದಳು ಕಟುಕ ಝೆಲಿಗನ ಹೆಂಡತಿ ದ್ವೋಸೆ. "ಗಂಡ ಇಲ್ಲ, ಮಕ್ಕಳಿಲ್ಲ, ಭಟ್ಟೀಲಿ ಗಡಿಗೆ ಇಲ್ಲ. ಸೀದು ಹೋಗೋದು ನಮ್ಮ ಚೋಲಂಟು ತಾನೆ!"

ಅದು ಎಲ್ಲರ ಹೊಟ್ಟೆಗೆ ತಾಗಿದ ಮಾತು. ಸಬ್ಬತ್ತಿನಲ್ಲಿ ಒಲೆ ಹಚ್ಚುವ ಹಾಗಿಲ್ಲವಲ್ಲ, ನಿನ್ನೆ ಹೊತ್ತು ಮುಳುಗುವ ಮೊದಲೇ ಊರಿನ ಚೋಲಂಟಿನ ಗಡಿಗೆಗಳೆಲ್ಲ ಬ್ರೆಡ್ಡಿನ ನಾಖುಮನ ಭಟ್ಟಿ ಸೇರಿದ್ದವು. ಕಾಳು, ಜವೆಗೋಧಿ, ಎಲುಬಿನ ಮಾಂಸ, ಎಲ್ಲ ರಾತ್ರಿಯಿಡೀ ಸಣ್ಣ ಕಾವಿನಲ್ಲಿ ಬೆಂದು ಹದವಾಗಿ ಕೂತಿರುವ ಹೊತ್ತು ಇದು. ಪ್ರಾರ್ಥನೆ ಮುಗಿಯುವವರೆಗೆ ಯಾರೂ ಬಾಯಿಗೆ ತುತ್ತು ಇಟ್ಟಿರುವುದಿಲ್ಲ. ಹಸಿದ ಜನಕ್ಕೆ ನ್ಯಾಯ ಕೇಳುವ ತಾಳ್ಮೆ ಎಲ್ಲಿಂದ ಬರಬೇಕು?

ಅದೂ ಯಾರ ಮೇಲೆ ದೂರು? ಝಲ್ಮನ್ ಮೇಲೆ! ದುಬ್ರೋವ್ಕದಲ್ಲಿ ಹೆಸರು ಹೇಳಿಕೊಳ್ಳುವಂಥ ಸೇತುವೆಯಿಲ್ಲ, ಕಾರ್ಖಾನೆಯಿಲ್ಲ, ರೈಲು ಕೂಡ ಮೂರು ಹರದಾರಿ ಆಚೆಯೇ ನಿಂತು ಹೋಗುತ್ತದೆ. ಇರುವುದು ಝಲ್ಮನ್ ಕಂಠ ಒಂದೇ. ಪ್ರಾರ್ಥನೆಯ ಹಾಡು ಹಾಡುತ್ತ ಅವನು ಕಣ್ಣು ಮುಚ್ಚಿ "ಕರುಣಿಸು" ಎಂದು ಎಳೆದರೆ ಕುದುರೆಗಾಡಿ ಹೊಡೆಯುವ ಒರಟರು ತೋಳಿಗೆ ಮೂಗು ಒರೆಸಿಕೊಳ್ಳುತ್ತಿದ್ದರು. ದೊಡ್ಡ ಊರಿನವರು ಅವನನ್ನು ಕರೆದೊಯ್ಯಲು ಎರಡು ಸಲ ಬಂದಿದ್ದರು. ಮೂರನೆಯ ಸಲ ಬಂದರೆ ಅವನು ಹೋಗಿಬಿಟ್ಟಾನು ಎಂಬ ಹೆದರಿಕೆಯಲ್ಲಿ ಊರು ಅವನನ್ನು ತಲೆಯ ಮೇಲೆ ಹೊತ್ತುಕೊಂಡಿತ್ತು. ಹೆಂಡತಿಯ ವಿಷಯಕ್ಕೆ ಅವನನ್ನು ಗಟ್ಟಿಯಾಗಿ ಕೇಳುವ ಧೈರ್ಯ ಯಾರಿಗೂ ಇರಲಿಲ್ಲ, ಬೇಕಾಗಿಯೂ ಇರಲಿಲ್ಲ.

"ಹೇಳಮ್ಮ," ಎಂದರು ರಬ್ಬಿ ಕೆಳಗಿನಿಂದ ತಲೆಯೆತ್ತಿ. "ಕಟ್ಟಳೆ ಪ್ರಕಾರ ಕೇಳ್ತಿದೀವಿ. ಬೇಗ ಹೇಳು."

ಲೀಬೆ ಎರಡೂ ಕೈಯಿಂದ ಜಾಲರಿ ಹಿಡಿದಳು. "ನನಗೆ ಬಿಡುಗಡೆ ಪತ್ರ ಬೇಕು, ರಬ್ಬಿಗಳೇ. ಬೇರೇನೂ ಬೇಡ. ಮದುವೆಯಾಗಿ ಎರಡು ವರ್ಷಕ್ಕೆ, ಮಕ್ಕಳಾಗ್ಲಿಲ್ಲ ಅಂತ, ಮಾತು ಬಿಟ್ಟ. ಬೈಲಿಲ್ಲ, ಹೊಡೀಲಿಲ್ಲ. ಮಾತೇ ಆಡ್ಲಿಲ್ಲ. ಒಂದೇ ಸೂರು, ಒಂದೇ ಮೇಜು. ನಾಲ್ಕು ವರ್ಷ ನನ್ನ ಹೆಸರು ಅವನ ಬಾಯಲ್ಲಿ ಬಂದಿಲ್ಲ. ಒಂದಿನ ನೀರು ತಗೊಂಡು ಬರ್ತೀನಿ, ನನ್ನ ಬಟ್ಟೆ ಗಂಟು ಬಾಗಿಲಾಚೆ ಇದೆ. ಹೊರಗೆ ಹಾಕಿದೋನು ಪತ್ರಾನೂ ಕೊಡ್ಬೇಕಲ್ವಾ? ಕೊಡಲ್ಲ. ಅವನು ಕೊಡ್ದೆ ನಾನು ಇನ್ನೊಬ್ಬರ ಮನೆ ಸೇರೋ ಹಾಗಿಲ್ಲ. ನನಗೆ ಮೂವತ್ತಾಗ್ತಾ ಬಂತು."

ಹಿಂದಿನ ಬೆಂಚಿನಿಂದ ಗಾಡಿಯವನೊಬ್ಬ ಕೂಗಿದ: "ನಾಲ್ಕು ವರ್ಷ ಜಗಳ ಇಲ್ಲ, ಬೈಗುಳ ಇಲ್ಲ! ಇಂಥ ಸಂಸಾರಾನೂ ಬೇಡ ಅಂತಾಳಲ್ರಪ್ಪ!"

ಕೆಳಗೆ ನಗೆಯ ಅಲೆ ಎದ್ದಿತು. ಅದು ಮೇಲಿನವರಿಗೂ ಹತ್ತಿಕೊಂಡಿತು.

"ನಮ್ಮನೆಯೋನು ಒಂದು ವಾರ ಬಾಯಿ ಮುಚ್ಕೊಂಡಿರ್ಲಿ," ಎಂದಳು ದ್ವೋಸೆ, "ಊರಿನ ಬಡವರಿಗೆಲ್ಲ ಹೆಬ್ಬಾತಿನ ಊಟ ಹಾಕ್ತೀನಿ."

ಹೆಂಗಸರು ಕರವಸ್ತ್ರ ಬಾಯಿಗೆ ಒತ್ತಿಕೊಂಡು ನಕ್ಕರು. ಬ್ರೈನೆಯೂ ನಗಬೇಕಾಗಿತ್ತು. ಮೂರು ವರ್ಷದಿಂದ ಸೊಸೆಯ ಮಾತು ಬಂದಾಗಲೆಲ್ಲ ಎಲ್ಲರಿಗಿಂತ ಮೊದಲು ನಗುತ್ತಿದ್ದವಳು ಅವಳೇ. ಇವತ್ತು ತುಟಿ ಅಲ್ಲಾಡಲಿಲ್ಲ. ದ್ವೋಸೆ ತನ್ನ ಮುಖವನ್ನೇ ನೋಡುತ್ತಿದ್ದಾಳೆ ಅನ್ನಿಸಿ, ಕೆಮ್ಮು ಬಂದವಳ ಹಾಗೆ ತಲೆ ತಗ್ಗಿಸಿದಳು.

ಕೆಳಗೆ ಗಂಡಸರು ಕಟ್ಟೆಯ ಸುತ್ತ ಗುಂಪುಗೂಡಿದರು. ಕಟುಕ ಝೆಲಿಗನ ದನಿ ಎಲ್ಲರ ಮೇಲೆ. "ರಬ್ಬಿಗಳೇ, ಕೇಳಿದ್ದಾಯ್ತಲ್ಲ, ಸಾಕು! ಒಬ್ಬ ಬಂಜೆ ಹೆಂಗಸಿಗೋಸ್ಕರ ಇಡೀ ಊರು ಉಪವಾಸ ಕೂರ್ಬೇಕಾ?" ಇನ್ಯಾರೋ, ದರ್ಜಿಗಳ ಪ್ರಾರ್ಥನಾ ಮನೆಗೆ ಹೋಗಿ ಓದಿ ಮುಗಿಸೋಣ ಎಂದರು. ಅಲ್ಲಿಗೂ ಅವಳು ಬರುತ್ತಾಳೆ ಎಂದರು ಮತ್ತೊಬ್ಬರು. ರಬ್ಬಿ ಎಲ್ಲರಿಗೂ ಒಂದೇ ಉತ್ತರ ಕೊಟ್ಟರು: ಝಲ್ಮನ್ ಏನಾದರೂ ಹೇಳಬೇಕು. ಝಲ್ಮನ್ ಏನೂ ಹೇಳದೆ ಶಾಲಿನ ಅಂಚನ್ನು ಹೆಗಲ ಮೇಲೆ ಸರಿಮಾಡಿಕೊಂಡು, ಸುರುಳಿಯ ಮೇಲೆ ಕಣ್ಣು ನೆಟ್ಟು ನಿಂತ. ಎಷ್ಟು ಚೆನ್ನಾಗಿ ನಿಂತಿದ್ದನೆಂದರೆ ಅವನಿಗೇ ಅನ್ಯಾಯವಾಗಿದೆಯೆಂದು ಎಲ್ಲರಿಗೂ ಅನ್ನಿಸಿಬಿಟ್ಟಿತು.

ಲೀಬೆ ಬೆಂಚಿನ ಮೇಲೆ ಕೂತಳು. ಬ್ರೈನೆ ತನ್ನ ಲಂಗವನ್ನು ಈಚೆ ಎಳೆದುಕೊಂಡಳು.

"ನನ್ನ ಪಕ್ಕಾನೇ ಬೇಕಿತ್ತೇನೆ ನಿಂಗೆ?"

"ಬೇರೆ ಯಾರೂ ಜಾಗ ಕೊಡ್ಲಿಲ್ಲ, ಅತ್ತೆ. ಇದೊಂದೇ ಖಾಲಿ ಇತ್ತು."

ಖಾಲಿಯೇನೋ ಇತ್ತು. ಅದು ಲೀಬೆಯದೇ ಜಾಗ, ಮದುವೆಯಾಗಿ ಬಂದ ವಾರ ಬ್ರೈನೆಯೇ ಕೈಹಿಡಿದು ತಂದು ಕೂರಿಸಿದ್ದು. ಅದರ ಮೇಲೆ ಬೇರೆ ಯಾರೂ ಕೂತಿರಲಿಲ್ಲ. ಕೆಟ್ಟ ಗಳಿಗೆ ಅಂಟಿಕೊಂಡೀತೆಂದು ಮದುವೆಯ ವಯಸ್ಸಿನ ಹುಡುಗಿಯರು ದೂರದಿಂದಲೇ ದಾಟಿ ಹೋಗುತ್ತಿದ್ದರು.

"ಅತ್ತೆಗಿತ್ತೆ ಅನ್ಬೇಡ ನನ್ನ. ನನ್ನ ಮಗನ ಮಾನ ಹರಾಜು ಹಾಕೋಕೆ ಬಂದೋಳು ನೀನು."

"ಅತ್ತೆ ಅನ್ನದೆ ಇರೋ ಹಾಗೆ ಮಾಡು ಅಂತಾನೇ ಅವನನ್ನ ಕೇಳ್ತಿರೋದು."

"ನಾಲಿಗೆ ನೋಡು! ಈ ನಾಲಿಗೆ ಇಟ್ಕೊಂಡು ಸಂಸಾರ ಮಾಡಕ್ಕಾಗ್ಲಿಲ್ಲ."

"ನಾಲಿಗೆಗೆ ಕೆಲಸ ಎಲ್ಲಿತ್ತು ಆ ಮನೇಲಿ." ಲೀಬೆ ಅವಳ ಕಡೆ ತಿರುಗಿದಳು. ತಿರುಗಿದವಳು ಹಾಗೇ ನೋಡುತ್ತ ಕೂತಳು. ಸ್ವಲ್ಪ ಹೊತ್ತಾದ ಮೇಲೆ ದನಿ ತಗ್ಗಿಸಿ ಕೇಳಿದಳು: "ನಿಮ್ಮ ಹತ್ರ ಮಾತಾಡ್ತಾನಾ ಅವನು?"

"ಮಾತಾಡ್ದೆ ಏನು! ನಿನ್ನೆ ರಾತ್ರಿ ದೀಪ ಆರೋ ತನಕ ಮಾತಾಡ್ತಾನೇ ಇದ್ದ. ತಾಯಿ ಹತ್ರ ಮಾತಾಡ್ದೆ ಇನ್ಯಾರ ಹತ್ರ ಮಾತಾಡ್ತಾನೆ?"

"ಮತ್ತೆ ಕಿವಿ ಯಾಕೆ ಹಂಗೆ ಜಾಲರಿಗೆ ಅಂಟಿಸ್ಕೊಂಡಿದ್ರಿ? ಕೆನ್ನೆ ಮೇಲೆಲ್ಲ ಗುರುತು ಬಿದ್ದಿದೆ."

ಬ್ರೈನೆಯ ಕೈ ತಾನಾಗಿಯೇ ಕೆನ್ನೆಗೆ ಹೋಯಿತು. ಮರದ ಪಟ್ಟಿಗಳ ಗೆರೆ ಬೆರಳಿಗೆ ಸಿಕ್ಕಿತು. ಸೊಸೆಯ ಕಣ್ಣಲ್ಲಿ ಚುಚ್ಚುಮಾತಿನ ಕಿಡಿ ಇದ್ದಿದ್ದರೆ ಒಳ್ಳೆಯದಿತ್ತು, ತಿರುಗಿಸಿ ನಾಲ್ಕು ಅನ್ನಬಹುದಿತ್ತು. ಅದೂ ಇರಲಿಲ್ಲ. ಆ ಕಣ್ಣನ್ನು ಕಿತ್ತುಬಿಡಬೇಕು ಅನ್ನುವಷ್ಟು ಸಿಟ್ಟು ಬಂತು ಬ್ರೈನೆಗೆ.

ವಸಂತದ ಪಸ್ಕ ಹಬ್ಬದ ರಾತ್ರಿಯಿಂದ ಝಲ್ಮನ್ ಅವಳ ಹತ್ತಿರ ಮಾತಾಡಿರಲಿಲ್ಲ. ಆಗಿದ್ದು ಇಷ್ಟೇ. ಊಟಕ್ಕೆ ಬಂದವರ ಮುಂದೆ, ಸಾರಿನ ಉಂಡೆ ಗಟ್ಟಿಯಾಗಿದ್ದಕ್ಕೆ, "ಲೀಬೆ ಮಾಡಿದ್ರೆ ಹತ್ತಿ ಹಂಗಿರೋದು" ಎಂದು ಬಾಯಿತಪ್ಪಿ ಅಂದುಬಿಟ್ಟಳು. ಝಲ್ಮನ್ ತಟ್ಟೆಯನ್ನು ಮೆಲ್ಲಗೆ ಮುಂದಕ್ಕೆ ತಳ್ಳಿದ. ಬಂದವರು ಹೋದರು, ಹಬ್ಬ ಮುಗಿಯಿತು, ಬೇಸಿಗೆ ಕಳೆದು ಹಿಮ ಬಿತ್ತು. ಚಹಾ ಬೇಕಾದರೆ ಲೋಟ ಮೇಜಿನ ಅಂಚಿಗೆ ಸರಿಸುತ್ತಾನೆ. ಸಾರು ಆರಿದ್ದರೆ ಚಮಚ ಮಗುಚಿ ಇಡುತ್ತಾನೆ. ಶುಕ್ರವಾರ ಸಂಜೆ ಅವಳು ಅವನ ಗಂಟಲಿಗೆಂದು ಮೊಟ್ಟೆಯ ಹಳದಿಗೆ ಸಕ್ಕರೆ ಹಾಕಿ ನೊರೆ ಬರುವ ಹಾಗೆ ಕಡೆದು ಕೊಟ್ಟರೆ, ಕುಡಿದು ಲೋಟ ಕಿಟಕಿಯಲ್ಲಿಟ್ಟು ಹೋಗುತ್ತಾನೆ. ಆ ಗಂಟಲಿನಿಂದ ಅವಳಿಗೆಂದು ಒಂದು ಹೂಂ ಕೂಡ ಬರುವುದಿಲ್ಲ.

ಇದು ಅವಳಿಗೆ ಗೊತ್ತಿಲ್ಲದ ವಿದ್ಯೆಯೇನಲ್ಲ. ಲೀಬೆ ಇದ್ದಾಗ ಅವಳೇ ನಡುವೆ ನಿಂತಿದ್ದಳು. "ಅಮ್ಮ, ಅವಳಿಗೆ ಹೇಳು, ಅಂಗಿ ಒಗೆದಿಲ್ಲ." "ಅಮ್ಮ, ಅವಳಿಗೆ ಹೇಳು, ಬಾಗಿಲು ಹಾಕ್ಕೊಳ್ಳಲಿ." ಮೂರಡಿ ದೂರದಲ್ಲಿ ನಿಂತ ಸೊಸೆಗೆ ಆ ಮಾತನ್ನು ಮುಟ್ಟಿಸುವಾಗ ಬ್ರೈನೆಗೆ ಒಳಗೊಳಗೇ ಎಷ್ಟು ಹಿತವಾಗುತ್ತಿತ್ತು! ಮಗ ಪೂರಾ ತನ್ನವನು ಅನ್ನುವ ಸುಖ. ಈಗ ನಡುವೆ ನಿಲ್ಲಲು ಬೆಕ್ಕೂ ಇಲ್ಲ ಮನೆಯಲ್ಲಿ. ಆದರೂ ಸಂತೆಯಲ್ಲಿ, ದ್ವೋಸೆಯ ಅಂಗಡಿಯ ಮುಂದೆ, ಅವಳ ಎರಡು ಮಾತಿಗೊಂದು ಮಾತು "ನಮ್ಮ ಝಲ್ಮನ್ ನಿನ್ನೆ ಹೇಳ್ತಿದ್ದ" ಎಂದೇ ಶುರುವಾಗುತ್ತಿತ್ತು. ಸಬ್ಬತ್ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಅಟ್ಟ ಹತ್ತಿ ಜಾಲರಿಗೆ ಕಿವಿ ಕೊಡುತ್ತಿದ್ದಳು. ತೇಮೆ ಅದನ್ನು ಭಕ್ತಿ ಎಂದು ಉಳಿದವರಿಗೆ ಹೊಗಳಿ ಹೇಳುತ್ತಿದ್ದಳು.

ಹೊತ್ತು ಏರಿತು. ಸಭಾಮಂದಿರದ ಒಲೆಗೆ ಕಟ್ಟಿಗೆ ಹಾಕುವ ಕ್ರೈಸ್ತ ಆಳು ಇವಾನ್ ಬೆಳಿಗ್ಗೆಯೇ ಬಂದು ಹೋಗಿದ್ದ. ಯೆಹೂದ್ಯರು ಕೈ ಹಚ್ಚುವ ಹಾಗಿಲ್ಲ, ಒಲೆ ಆರಿತು. ಗಂಡಸರು ಶಾಲಿನೊಳಗೆ ಕೈ ತೂರಿಸಿಕೊಂಡು ಕಾಲು ಕುಟ್ಟತೊಡಗಿದರು. ಆಮೇಲೆ ಬಂತು ವಾಸನೆ. ನಾಖುಮನ ಭಟ್ಟಿಯ ಕಡೆಯಿಂದ, ತಳ ಹಿಡಿಯುತ್ತಿರುವ ಕಾಳಿನ ವಾಸನೆ.

"ಅದು ನಮ್ಮದು!" ದ್ವೋಸೆ ಎದ್ದು ನಿಂತಳು. "ನೀರು ಕಮ್ಮಿ ಹಾಕಿದ್ದೆ, ನಮ್ಮದೇ ಅದು! ಲೇ ಲೀಬೆ, ನಿನ್ನ ಮನೆ ಹಾಳಾಗ!"

"ಮನೆ ಎಲ್ಲಿದೆ ದ್ವೋಸಕ್ಕ, ಹಾಳಾಗೋಕೆ," ಎಂದಳು ಲೀಬೆ.

ಕೆಳಗೆ ಝೆಲಿಗ್ ಝಲ್ಮನ್ ಕಿವಿಯಲ್ಲಿ ಏನೋ ಪಿಸುಗುಟ್ಟಿದ. ಝಲ್ಮನ್ ತಲೆದೂಗಿ, ಕಟ್ಟೆಯಿಂದ ಒಂದು ಮೆಟ್ಟಿಲು ಇಳಿದು, ರಬ್ಬಿಯ ಮುಂದೆ ಬಾಗಿದ. ಗದ್ದಲ ತಾನಾಗಿ ನಿಂತಿತು. ಅವನು ಬಾಯಿ ತೆರೆದರೆ ಊರು ಬಾಯಿ ಮುಚ್ಚುವುದು ಅಭ್ಯಾಸವಾಗಿಹೋಗಿತ್ತು.

"ರಬ್ಬಿಗಳೇ, ಇವತ್ತು ಸಬ್ಬತ್. ಬರೆಯೋ ಹಾಗಿಲ್ಲ, ಆಣೆ ಇಡೋ ಹಾಗಿಲ್ಲ. ಇಲ್ಲದಿದ್ರೆ ಈಗಲೇ ಕೊಡ್ತಿದ್ದೆ. ನಾಳೆ ಬೆಳಿಗ್ಗೆ ಪತ್ರ ಬರೆಯೋ ಲಿಪಿಕಾರನ್ನ ಕರೆಸಿ. ನಾನೇ ನಡ್ಕೊಂಡು ಬರ್ತೀನಿ. ನನ್ನ ಎದೆಯೇನು ಕಲ್ಲೇ? ನನ್ನಿಂದ ಈ ಪವಿತ್ರ ಓದು ನಿಂತಿತು ಅನ್ನೋ ನೋವೊಂದೇ ಸಾಕು ನನಗೆ."

ಕೊನೆಯ ಮಾತನ್ನು ಅವನು ಸ್ವಲ್ಪ ಎಳೆದ. ಹಿಂದಿನ ಬೆಂಚಿನಲ್ಲಿ ಯಾರೋ ಮೂಗು ಒರೆಸಿಕೊಂಡರು.

"ಹೋದ ವರ್ಷವೂ ನಾಳೆ ಅಂದಿದ್ದ!" ಲೀಬೆ ಎದ್ದಳು. "ಅದರ ಹಿಂದಿನ ವರ್ಷವೂ ನಾಳೆ ಅಂದಿದ್ದ. ಲಿಪಿಕಾರ ಬಂದು ಗರಿ ಚೂಪು ಮಾಡ್ಕೊಂಡು ಕೂತಿದ್ರು, ಇವನಿಗೆ ಗಂಟಲು ನೋವು!"

"ಅಮ್ಮಾ," ಎಂದರು ರಬ್ಬಿ. ಅವರ ದನಿಯಲ್ಲಿ ದಣಿವಿತ್ತು. "ಸಭೆಯ ಮುಂದೆ ಮಾತು ಕೊಟ್ಟಿದಾನೆ. ಇದಕ್ಕಿಂತ ಹೆಚ್ಚು ಸಬ್ಬತ್ ದಿನ ನಾನು ಕೇಳೋ ಹಾಗಿಲ್ಲ. ನಿನ್ನ ದೂರು ಕೇಳಿದ್ದಾಯ್ತು. ಒಂದು ದೂರಿಗೆ ಒಬ್ಬರು ಒಂದೇ ಸಲ ತಡೀಬಹುದು. ಇನ್ನು ಕೂತ್ಕೋ."

"ನಾಳೆ ಬರ್ದಿದ್ರೆ?"

ಗಂಡಸರು ಆಗಲೇ ಬೆಂಚುಗಳಿಗೆ ಓಡುತ್ತಿದ್ದರು. "ಓದು, ಝಲ್ಮನ್, ಬೇಗ ಬೇಗ ಓದು!" ಮೇಲೆ ತೇಮೆ ಪುಸ್ತಕ ಬಿಚ್ಚಿದಳು. ಹೆಂಗಸರು ಲೀಬೆಗೆ ಬೆನ್ನು ತೋರಿಸಿ ಕೂತರು.

ಲೀಬೆ ನಿಂತೇ ಇದ್ದಳು. "ನಾಳೆ ಬರಲ್ಲ ಅವನು, ಅತ್ತೆ," ಎಂದಳು, ಬ್ರೈನೆಗೆ ಮಾತ್ರ ಕೇಳುವ ಹಾಗೆ. "ನಿಮಗೂ ಗೊತ್ತು. ಇನ್ನು ಮೇಲೆ ನಾನು ಕೇಳೋ ಹಾಗೂ ಇಲ್ಲ."

ಬ್ರೈನೆ ಕಿವಿಯನ್ನು ಜಾಲರಿಗೆ ತಂದಳು. ಝಲ್ಮನ್ ಕಟ್ಟೆ ಹತ್ತಿ, ಕಡ್ಡಿ ಕೈಗೆತ್ತಿಕೊಂಡು, ಓದಬೇಕಾದ ಸಾಲನ್ನು ಹುಡುಕುತ್ತ ಮೂಗಿನಲ್ಲೇ ಒಂದು ಪುಟ್ಟ ರಾಗ ಗುನುಗಿದ. ಎರಡು ಸ್ವರ ಮೇಲಕ್ಕೆ, ಒಂದು ಕೆಳಕ್ಕೆ. ಶ್ರುತಿ ನೋಡಿಕೊಳ್ಳುತ್ತಿದ್ದಾನೆ ಎಂದುಕೊಂಡರು ಕೇಳಿದವರು.

ಬ್ರೈನೆಗೆ ಆ ರಾಗ ಗೊತ್ತಿತ್ತು. ಲೀಬೆಯ ಗಂಟನ್ನು ಬಾಗಿಲಾಚೆ ಇಟ್ಟು ಅಗುಳಿ ಹಾಕಿದಾಗ ಅವನು ಅದನ್ನೇ ಗುನುಗಿದ್ದ. ಪಸ್ಕದ ರಾತ್ರಿ ತಟ್ಟೆ ತಳ್ಳಿದ ಮೇಲೂ ಅದೇ. ಚಿಕ್ಕವನಿದ್ದಾಗ ಬೇರೆಯವರ ಗೋಲಿ ಗೆದ್ದುಕೊಂಡು ಬಂದು ಹಾಸಿಗೆಯಲ್ಲಿ ಮಲಗಿ ಗುನುಗುತ್ತಿದ್ದದ್ದೂ ಅದೇ, ಆಗ ಅವಳಿಗೆ ಅದು ಮುದ್ದಾಗಿ ಕೇಳುತ್ತಿತ್ತು. ಸಿಟ್ಟು ಉಕ್ಕಿ ಬಂತು. ಮಗನ ಮೇಲೋ, ಕೆನ್ನೆಯ ಗೆರೆ ಕಂಡುಹಿಡಿದ ಸೊಸೆಯ ಮೇಲೋ, ಇಷ್ಟು ದಿನ ಬಾಯಿ ಮುಚ್ಚಿಕೊಂಡು ಮೊಟ್ಟೆ ಕಡೆದ ತನ್ನ ಮೇಲೋ, ಅವಳಿಗೇ ತಿಳಿಯಲಿಲ್ಲ. ತಿಳಿದುಕೊಳ್ಳುವ ಮೊದಲೇ ಅವಳ ಅಂಗೈ ಜಾಲರಿಗೆ ಬಡಿದಿತ್ತು.

"ನಿಲ್ಸು!"

ಕಡ್ಡಿ ಸುರುಳಿಯ ಮೇಲೆಯೇ ನಿಂತಿತು.

"ಮತ್ತೆ ಯಾರು?" ಝೆಲಿಗ್ ಗುಡುಗಿದ. "ಅವಳ ಬಾಯಿಗೆ ಬಟ್ಟೆ ತುರುಕ್ರೋ!"

"ಅವಳಲ್ಲ. ನಾನು. ಝಲ್ಮನ್ ತಾಯಿ. ಪಾರಾಯಣ ತಡೀತಿದೀನಿ."

ಅಟ್ಟದಲ್ಲಿ ಬೆನ್ನು ತೋರಿಸಿ ಕೂತವರೆಲ್ಲ ಒಟ್ಟಿಗೆ ತಿರುಗಿದರು. ರಬ್ಬಿ ಕಣ್ಣು ಕಿರಿದು ಮಾಡಿ ಮೇಲೆ ನೋಡಿದರು. "ಸೊಸೆ ಪರವಾಗಿ ತಡೆಯೋ ಹಾಗಿಲ್ಲ, ಬ್ರೈ‌ನೆ. ಅವಳ ದೂರು ಮುಗೀತು. ನಿನ್ನದೇ ಸ್ವಂತ ದೂರಿದ್ರೆ ಹೇಳು. ಇಲ್ಲಾಂದ್ರೆ ಕೂತ್ಕೋ, ಜನ ಹಸಿದಿದಾರೆ."

ಬ್ರೈನೆ ಇದನ್ನು ಯೋಚಿಸಿರಲಿಲ್ಲ. ಮಗ ಸುಳ್ಳು ಹೇಳ್ತಿದಾನೆ ಅಂದರೆ ಸಾಕು ಎಂದುಕೊಂಡಿದ್ದಳು. ಸ್ವಂತ ದೂರು! ಪಕ್ಕದಲ್ಲಿ ದ್ವೋಸೆ ಬಾಯಿ ತೆರೆದುಕೊಂಡು ನೋಡುತ್ತಿದ್ದಳು. ಈಗ ಆಡುವ ಮಾತು ಸೋಮವಾರದ ಹೊತ್ತಿಗೆ ಅವಳ ಅಂಗಡಿಯಲ್ಲಿ ಮಾಂಸದ ಜೊತೆ ತೂಕಕ್ಕೆ ಬೀಳುತ್ತದೆ. ತನ್ನ ಹಾಸಿಗೆ ಇರುವುದು ಅವನ ಮನೆಯ ಒಲೆಯ ಪಕ್ಕ. ತಿನ್ನುವ ರೊಟ್ಟಿ ಅವನದು. ಅವಳು ಜಾಲರಿ ಹಿಡಿದುಕೊಂಡಳು.

"ಇದೆ," ಎಂದಳು. "ನನ್ನದೇ ಇದೆ. ಪಸ್ಕ ಹಬ್ಬದಿಂದ ಇವತ್ತಿನವರೆಗೆ ನನ್ನ ಮಗ ನನ್ನ ಹತ್ರ ಒಂದು ಮಾತಾಡಿಲ್ಲ."

ಗಾಡಿಯವನೊಬ್ಬ ಹಳೆಯ ರೂಢಿಯಲ್ಲಿ ನಗಲು ಹೊರಟ. ನಗು ಅರ್ಧಕ್ಕೇ ನಿಂತಿತು.

"ಲೋಟ ಸರಿಸ್ತಾನೆ, ಚಮಚ ಮಗುಚ್ತಾನೆ. ಅಮ್ಮ ಅನ್ನಲ್ಲ. ಕಾಯಿಲೆ ಬಿದ್ದು ಮಲಗಿದ್ದೆ, ಏನಾಯ್ತು ಅನ್ಲಿಲ್ಲ. ಸಂತೇಲಿ ನಾನು ಹೇಳ್ತಿದ್ದೆನಲ್ಲ, ಝಲ್ಮನ್ ಹಂಗಂದ ಹಿಂಗಂದ ಅಂತ, ಎಲ್ಲ ನಾನೇ ಕಟ್ಟಿದ್ದು, ದ್ವೋಸೆ. ಅವನು ಏನೂ ಅಂದಿಲ್ಲ. ತೇಮೆ ನನ್ನನ್ನ ಭಕ್ತೆ ಅಂತಾಳೆ. ನಾನು ಇಲ್ಲಿಗೆ ದೇವರ ಮಾತು ಕೇಳೋಕೆ ಬರ್ತಿರ್ಲಿಲ್ಲ. ನನ್ನ ಮಗನ ಧ್ವನಿ ಕೇಳೋಕೆ ಬರ್ತಿದ್ದೆ. ಅದು ಸಿಗ್ತಿದ್ದುದು ಇಲ್ಲೊಂದೇ ಕಡೆ." ಅವಳು ಲೀಬೆಯ ಕಡೆ ಕೈ ತೋರಿಸಿದಳು. "ನಾಲ್ಕು ವರ್ಷ ಅವಳಿಗೆ ಮಾಡಿದ್ದೂ ಇದನ್ನೇ. ನಾನು ಪಕ್ಕದಲ್ಲೇ ಇದ್ದೆ. ನಾಳೆ ಬರಲ್ಲ ಅವನು. ಈಗ ತಾನೆ ಗುನುಗಿದ. ಗೆದ್ದಾಗ ಹಂಗೆ ಗುನುಗ್ತಾನೆ."

ರಬ್ಬಿ ಬೆಂಚಿನ ಅಂಚು ಹಿಡಿದು ಎದ್ದು, ಕಟ್ಟೆಯ ಬಳಿಗೆ ಬಂದರು.

"ಝಲ್ಮನ್, ನಿನ್ನ ತಾಯಿ ಹೇಳಿದ್ದು ಸುಳ್ಳು ಅನ್ನು. ಅಷ್ಟೂ ಬೇಡ. ಅವಳ ಕಡೆ ನೋಡಿ 'ಅಮ್ಮ' ಅನ್ನು. ನಾನು ಈಗಲೇ ಓದು ಶುರು ಮಾಡಿಸ್ತೀನಿ."

ಎಷ್ಟು ಸುಲಭದ ಮಾತು! ಮಗು ಮೊದಲು ಕಲಿಯುವ ಮಾತು. ಅದೊಂದನ್ನು ಅಂದು ಝಲ್ಮನ್ ಎಲ್ಲವನ್ನೂ ಗೆದ್ದುಬಿಡಬಹುದಾಗಿತ್ತು. ಇಡೀ ಊರು ಅವನಿಗೋಸ್ಕರ ಅದನ್ನು ನಾಲಿಗೆಯ ತುದಿಯಲ್ಲಿ ಇಟ್ಟುಕೊಂಡು ಕಾಯುತ್ತಿತ್ತು. ಅವನು ಮೇಲೆ ನೋಡಿದ. ಜಾಲರಿಯ ಕಂಡಿಗಳ ಆಚೆ ತಾಯಿಯ ಮುಖ ಅವನಿಗೆ ಕಂಡಿತೋ ಇಲ್ಲವೋ. ಅವನ ತುಟಿ ಬಿಳಿಚಿ ಗೆರೆಯಾಯಿತು. ಕತ್ತಿನ ನರ ಉಬ್ಬಿತು. ಬಾಯಿ ತೆರೆಯಲಿಲ್ಲ.

"ಅನ್ನೋ!" ಎಂದ ಝೆಲಿಗ್. ಅವನ ದನಿ ಯಾಕೋ ಬಿರುಕು ಬಿಟ್ಟಿತ್ತು. "ಅನ್ನೋ, ಬಾಯಿ ಬಿದ್ದುಹೋಗಿದೆಯಾ ನಿಂಗೆ? ಹೆತ್ತೋಳು ಕಣೋ ಅವಳು!"

ಝಲ್ಮನ್ ಸುರುಳಿಯ ಕಡೆ ತಿರುಗಿ ನಿಂತ.

ಕಟ್ಟೆಯ ಮೇಲೆ ಅವನ ಎಡಬಲಕ್ಕೆ ನಿಂತಿದ್ದ ಇಬ್ಬರು ಹಿರಿಯರು, ಮೊದಲು ಒಬ್ಬರು, ಆಮೇಲೆ ಇನ್ನೊಬ್ಬರು, ಕೆಳಗಿಳಿದರು. ರಬ್ಬಿ ಮೇಲೆ ಹತ್ತಿ, ಅವನ ಕೈಯಿಂದ ಬೆಳ್ಳಿ ಕಡ್ಡಿ ತೆಗೆದುಕೊಂಡರು. ಮಖಮಲ್ಲಿನ ಹೊದಿಕೆಯನ್ನು ಎತ್ತಿ ತೆರೆದ ಸುರುಳಿಯ ಮೇಲೆ ಹರವಿದರು.

"ನಾಳೆ ಲಿಪಿಕಾರ ನಿನ್ನ ಬಾಗಿಲಿಗೇ ಬರ್ತಾನೆ. ಜೊತೆಗೆ ನಾನೂ ಬರ್ತೀನಿ, ಈ ಸಭೆಯೂ ಬರುತ್ತೆ. ಹೆಂಡತಿ ಕೈಗೆ ಪತ್ರ ಬೀಳೋ ತನಕ ಈ ಕಟ್ಟೆ ಮೇಲೆ ನಿನ್ನ ಧ್ವನಿ ಏಳಬಾರದು. ಹಾಡೂ ಇಲ್ಲ, ಓದೂ ಇಲ್ಲ. ಇವತ್ತಿನ ಓದು ಯಾರಾದ್ರೂ ತಡವರಿಸಿಕೊಂಡು ಓದ್ಲಿ. ಅದಕ್ಕೆ ಮೊದಲು ತಾಯಿ ದೂರಿಗೆ ನಿನ್ನ ಬಾಯಿಂದ ಉತ್ತರ ಬರಬೇಕು. ಅಲ್ಲೀತನಕ ಬಾಗಿಲು ತೆಗೆಯಲ್ಲ."

ಯಾರೂ ಗೊಣಗಲಿಲ್ಲ. ಸೀದ ವಾಸನೆ ದಟ್ಟವಾಗಿ ಒಳಗೆ ಬರುತ್ತಿತ್ತು. ಶ್ಮೇರಲ್ ಹೋಗಿ ಬಾಗಿಲಿಗೆ ಬೆನ್ನು ಕೊಟ್ಟು ನಿಂತ. ಗಾಡಿಯವರು ಹಿಂದಿನ ಬೆಂಚಿನಲ್ಲಿ ಟೊಪ್ಪಿ ಕೆಳಗೆಳೆದುಕೊಂಡು ನೆಲ ನೋಡುತ್ತ ಕೂತರು. ಝಲ್ಮನ್ ಸುತ್ತ ಕಟ್ಟೆ ಖಾಲಿಯಾಗಿತ್ತು.

ಆ ಮಾತು ಬ್ರೈನೆಗೆ ತಡವಾಗಿ ನಾಟಿತು. ಹಾಡೂ ಇಲ್ಲ, ಓದೂ ಇಲ್ಲ. ಇನ್ನು ಮುಂದಿನ ಸಬ್ಬತ್ತಿಗೆ ಅಟ್ಟ ಹತ್ತಿದರೆ ಕೇಳಲು ಏನಿರುತ್ತದೆ? ಅವಳು ಬೆಂಚಿನ ಮೇಲೆ ಕೂತಳು. ಲೀಬೆಯೂ ಪಕ್ಕದಲ್ಲಿ ಕೂತಳು. ದ್ವೋಸೆ ಮುಖ ಆಚೆ ತಿರುಗಿಸಿಕೊಂಡು ಕರವಸ್ತ್ರ ಹಿಂಡುತ್ತಿದ್ದಳು.

"ಅತ್ತೆ," ಎಂದಳು ಲೀಬೆ, ಅವಳ ಕೈ ಮುಟ್ಟಿ.

ಬ್ರೈನೆ ಕೈ ಕೊಡವಿಕೊಂಡಳು. "ನಿನಗೋಸ್ಕರ ಅಲ್ಲ ಕಣೆ. ಸುಮ್ನೆ ಕೂತ್ಕೋ. ಸದ್ದು ಮಾಡ್ಬೇಡ."

ಮಾತು ಮುಗಿಸಿ, ಕೆನ್ನೆಯ ಮೇಲೆ ಮರದ ಗೆರೆ ಬಿದ್ದಿದ್ದ ಕಡೆಯನ್ನೇ ಜಾಲರಿಗೆ ಕೊಟ್ಟು, ಕಿವಿ ಒತ್ತಿ, ಕೆಳಗಿನಿಂದ ಒಂದು ಮಾತು ಬಂದೀತೆಂದು ಕಾಯುತ್ತ ಕೂತಳು.